ಪಾನಾದ ಮೇಲೆ ನಿಂತವನು

ನಾನೂ ಹೆಂಡತಿಯೂ ಪುಣೆಯಿಂದ ಸಾಸವಡಕ್ಕೆ ಹೊರಟಾಗ ದಾರಿಯಲ್ಲಿ ಕಾರು ಪಂಕ್ಚರ್ ಆಯಿತು. ಚಕ್ರದ ನಾಲ್ಕು ನಟ್ಟುಗಳಲ್ಲಿ ಮೂರು ಹೇಗೋ ಬಿಚ್ಚಿದವು. ನಾಲ್ಕನೆಯದಕ್ಕೆ ಪಾನಾ, ಅಂದರೆ ಸ್ಪ್ಯಾನರ್ ಹಾಕಿ ಇದ್ದಬಿದ್ದ ಶಕ್ತಿಯಿಂದ ತಿರುಗಿಸಿದರೆ, ಅದು ತಾನು ಕೂತಿದ್ದ ಬೋಲ್ಟು, ಅಂದರೆ ಸ್ಟಡ್ಡಿನ ಸಮೇತ ಮುರಿದು ಬಂತು.

ಸ್ಟೆಪ್ನಿಯನ್ನು ಮೂರೇ ನಟ್ಟಿನಲ್ಲಿ ಕೂರಿಸಿ, ಆಮೆಯ ಹಾಗೆ ಹೋಗಿ ಒಂದು ಗ್ಯಾರೇಜ್ ಮುಟ್ಟಿದೆವು. ನಾನು ಹೆಂಡತಿಯ ಹತ್ತಿರ ಕನ್ನಡದಲ್ಲಿ ಗೊಣಗುವುದು ಕೇಳಿ ಮೆಕ್ಯಾನಿಕ್ಕಿನ ಮುಖ ಅರಳಿತು. ಅವನೂ ಬೆಳಗಾವಿ ಕಡೆಯವನು. ನಮ್ಮವರೇ ಅಂತ ಗೊತ್ತಾದ ಮೇಲೆ ಸಂಕೋಚವಿಲ್ಲದೆ ಬೈಯತೊಡಗಿದ.

"ಯಾವ ಕ್ವಾಣ ಬಿಗದಾನ್ರಿ ಇದನ್ನ? ಪಾನಾದ ಮ್ಯಾಲೆ ಹತ್ತಿ ನಿಂತಾನ!"

"ಯಾವನೋ ಪಂಕ್ಚರ್‌ನವ ಇರಬೇಕು," ಅಂದೆ. ಹೋದ ತಿಂಗಳು ಚಕ್ರ ಬಿಗಿಯುವಾಗ ಪಾನಾ ಹತ್ತಿ ನಿಂತವನು ನಾನೇ.

ಅವನು ಮುರಿದ ಸ್ಟಡ್ಡನ್ನು ಸುತ್ತಿಗೆಯಿಂದ ಹೊಡೆದು ತೆಗೆದು, ಹೊಸದನ್ನು ಕೂರಿಸುತ್ತ, "ನೌಕರಿ ಎಲ್ಲಿರಿ?" ಅಂದ.

"ರಾಂಜಣಗಾಂವದಾಗ, ಫ್ಯಾಕ್ಟರಿ," ಅಂದು ಅಲ್ಲಿಗೇ ನಿಲ್ಲಿಸಿದೆ.

ಹೆಂಡತಿ ಬಿಡಬೇಕಲ್ಲ. "ನಟ್ಟು ಅಳತಿ ಪ್ರಕಾರ ಬಿಗದಾರೋ ಇಲ್ಲೋ ಅಂತ ನೋಡೋದ ಇವರ ಕೆಲಸರಿ. ನೀವು ಕೇಳಿದ ಕ್ವಾಣನೂ ಇವರ!"

ಮೆಕ್ಯಾನಿಕ್ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಿಗಿತ ಅಳೆಯುವ ಪಾನಾ ತಂದು, 'ಟಕ್' ಅನ್ನುವವರೆಗೆ ಒಂದೊಂದೇ ನಟ್ಟು ಬಿಗಿದ. ಆಮೇಲೆ ಪ್ರತಿ ನಟ್ಟಿನಿಂದ ಚಕ್ರದವರೆಗೆ ಹಳದಿ ಬಣ್ಣದ ಗೆರೆ ಎಳೆದು, ನನ್ನನ್ನು ಬಿಟ್ಟು ಹೆಂಡತಿಗೆ ಹೇಳಿದ: "ವೈನಿ, ನಟ್ಟು ತಿರುಗಿ ಈ ಗೆರಿ ಸರದಿದ್ರ ತಿಳಕೋರಿ, ಸಾಹೇಬರು ಮತ್ತ ಹತ್ತಿ ನಿಂತಾರ."

ಅಂದಿನಿಂದ ಪ್ರತಿ ರವಿವಾರ ಅವಳು ಕಾರಿನ ಸುತ್ತ ಬಗ್ಗಿ ಬಗ್ಗಿ ನೋಡುತ್ತಾಳೆ. ನಮ್ಮ ಫ್ಯಾಕ್ಟರಿಯಲ್ಲಿ ತಪಾಸಣೆ ಇಷ್ಟು ಕಟ್ಟುನಿಟ್ಟಾಗಿದ್ದರೆ ನನ್ನ ನೌಕರಿ ಎಂದೋ ಹೋಗಿರುತ್ತಿತ್ತು.