ಹೋದವರ ರುಚಿಗೆ ಚಿಕನ್ ಸಲಾಡ್ ಕಲಸುವ ಲವೇಡಾ

ಚರ್ಚಿನ ಹಿಂಬದಿಯ ಅಡುಗೆಮನೆಗೆ ಇನ್ನೂ ಬೆಳಕು ಇಳಿದಿಲ್ಲ. ಬೆಂದ ಕೋಳಿ ದೊಡ್ಡ ತಟ್ಟೆಯಲ್ಲಿ ಆರುತ್ತಿದೆ. ಎತ್ತರದ ಸ್ಟೂಲಿಗೆ ಅರ್ಧ ಒರಗಿ, ಅರ್ಧ ನಿಂತುಕೊಂಡು ಲವೇಡಾ ಪಿಟ್‌ಮನ್ ಮೂಳೆಯಿಂದ ಮಾಂಸ ಬಿಡಿಸುತ್ತಿದ್ದಾರೆ. ಪೂರ್ತಿ ಕೂತರೆ ಮತ್ತೆ ಏಳಲಾಗದು, ಪೂರ್ತಿ ನಿಂತರೆ ಮಂಡಿ ಮಾತು ಕೇಳದು. ಚಾಕು ಪಕ್ಕದಲ್ಲೇ ಇದ್ದರೂ ಮುಟ್ಟುವುದಿಲ್ಲ, ಬೆರಳಿನಲ್ಲೇ ಎಳೆ ಎಳೆಯಾಗಿ ಬಿಡಿಸುತ್ತಾರೆ. "ಕೊಚ್ಚಿದ್ರೆ ಅಂಗಡೀದರ ಥರ ಆಗುತ್ತೆ," ಎನ್ನುತ್ತಾರೆ. ಅಂಗಡಿ ಎಂಬ ಪದ ಅವರ ಬಾಯಲ್ಲಿ ಬೈಗುಳದ ಹಾಗೆ ಕೇಳಿಸುತ್ತದೆ.

ಇವತ್ತು ಹೋಯ್ಟ್ ಸ್ಪರ್ಲಿನ್ ಅವರ ಮಣ್ಣು. ಮರದ ಮಿಲ್ಲಿನಲ್ಲಿ ಆಯುಷ್ಯ ಸವೆಸಿದ ಆ ಮನುಷ್ಯನನ್ನು ಹೂಳಿ ಬಂದವರಿಗೆಲ್ಲ ಮಧ್ಯಾಹ್ನ ಇಲ್ಲೇ ಊಟ. ಜಾರ್ಜಿಯಾ ರಾಜ್ಯದ ಈ ಸಣ್ಣ ಊರಿನಲ್ಲಿ ಅಂಥ ಊಟಕ್ಕೆ ಚಿಕನ್ ಸಲಾಡ್ ಇರಲೇಬೇಕು, ಅದೂ ಸತ್ತವರು ತಮ್ಮ ಮನೆಯಲ್ಲಿ ತಿನ್ನುತ್ತಿದ್ದ ರೀತಿಯಲ್ಲೇ ಇರಬೇಕು. ಒಬ್ಬರಿಗೆ ದ್ರಾಕ್ಷಿ ಬೇಕು, ಇನ್ನೊಬ್ಬರು ದ್ರಾಕ್ಷಿ ಕಂಡರೆ ತಟ್ಟೆ ತಳ್ಳುತ್ತಾರೆ. ಕೆಲವರಿಗೆ ಬೇಯಿಸಿದ ಮೊಟ್ಟೆ, ಕೆಲವರಿಗೆ ಸಿಹಿ ಸೌತೆ ಉಪ್ಪಿನಕಾಯಿ. ಸೇಬು ಹಾಕಬೇಕೋ ಬೇಡವೋ ಎಂದು ಶುರುವಾದ ಮಾತಿಗೆ ಅಕ್ಕತಂಗಿಯರು ಬೇರೆ ಬೇರೆ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡಿದ್ದೂ ಉಂಟು.

ಲವೇಡಾ ಮಾತ್ರ ಯಾರ ಪಕ್ಷವನ್ನೂ ವಹಿಸುವುದಿಲ್ಲ. "ಇದರಲ್ಲಿ ಸರಿ ತಪ್ಪು ಅಂತ ಇಲ್ಲ. ಕೋಳಿ ಇರಬೇಕು, ಅದನ್ನ ಹಿಡಿದು ನಿಲ್ಸೋಕೆ ಮೇಯನೇಸ್ ಇರಬೇಕು. ಮಿಕ್ಕಿದ್ದು ಅವರವರ ನಾಲಿಗೆಗೆ ಬಿಟ್ಟಿದ್ದು."

ಅವರ ಬೆರಳುಗಳು ಕೋಳಿಯನ್ನು ಕಲಿತದ್ದು ಇಲ್ಲಲ್ಲ. ಊರಾಚೆಯ ಕೋಳಿ ಕಾರ್ಖಾನೆಯ ತಣ್ಣನೆಯ ಹಾಲ್‌ನಲ್ಲಿ, ಓಡುವ ಪಟ್ಟಿಯ ಮುಂದೆ ನಿಂತು ಮೂಳೆ ಬಿಡಿಸುತ್ತಲೇ ಅವರ ಯೌವನ ಕಳೆಯಿತು. ಅಲ್ಲಿಂದ ಬಿಡುಗಡೆಯಾಯಿತು ಎನ್ನುವಷ್ಟರಲ್ಲಿ ಅತ್ತೆ ಹಾಸಿಗೆ ಹಿಡಿದರು, ಅತ್ತೆಯ ಕೈಯಲ್ಲಿದ್ದ ಈ ಚರ್ಚಿನ ಸೌಟು ಸೊಸೆಯ ಕೈಗೆ ಬಂತು. ಬೇಕಾ ಎಂದು ಯಾರೂ ಕೇಳಲಿಲ್ಲ. ಆಮೇಲೆ ಗಂಡ ಕ್ಲೀಟಸ್ ಕೂಡ ಹೋದರು. ಅವರ ಮಣ್ಣಿನ ದಿನದ ಊಟಕ್ಕೂ ಲವೇಡಾ ತಾವೇ ಕಲಸಿ, ಕೈ ತೊಳೆದು, ಕಪ್ಪು ಟೋಪಿ ಹಾಕಿಕೊಂಡು ಮುಂದಿನ ಬೆಂಚಿಗೆ ಹೋಗಿ ಕೂತರು. ಊರಿನಲ್ಲಿ ಯಾರಾದರೂ ಸತ್ತರೆ ಪಾದ್ರಿಗೆ ಹೋದ ಫೋನು ಮರುಕ್ಷಣ ಇವರಿಗೆ ಬರುತ್ತದೆ. "ಸಾಯೋರು ನನ್ನ ಮಂಡಿ ನೋಡ್ಕೊಂಡು ಸಾಯಲ್ಲ," ಎಂದು ನಿಟ್ಟುಸಿರು ಬಿಡುತ್ತಾರೆ.

ಆದರೆ ಇವರನ್ನು ತಿನ್ನುತ್ತಿರುವುದು ಮಂಡಿನೋವಲ್ಲ. ಎರಡು ಚಳಿಗಾಲದ ಹಿಂದೆ ಬಂದ ಜ್ವರ ಹೋಗುವಾಗ ನಾಲಿಗೆಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಕಾಫಿ ಬಿಸಿನೀರಾಯಿತು, ಬ್ರೆಡ್ಡು ಹತ್ತಿಯಾಯಿತು. ಯಾರಿಗೂ ಹೇಳದೆ ಕಣ್ಣಳತೆಯಲ್ಲೇ ಕಲಸುತ್ತ ಬಂದರು. ಹೋದ ವಸಂತದಲ್ಲಿ ಶಾಲೆಯ ವಿಲ್ಮಾ ಟೀಚರ್ ತೀರಿಕೊಂಡಾಗ ಮರೆತು ಎರಡು ಸಲ ಉಪ್ಪು ಹಾಕಿಬಿಟ್ಟರು. ಬಂದವರೆಲ್ಲ ತಟ್ಟೆ ಬಳಿದು ತಿಂದರು, ಎಂದಿನ ಹಾಗೇ ಚೆನ್ನಾಗಿದೆ ಎಂದು ಕೈ ಹಿಡಿದುಕೊಂಡರು. ಸಾವಿನ ಊಟಕ್ಕೆ ಹೆಸರಿಡುವುದಕ್ಕಿಂತ ಇಲ್ಲಿನವರು ಉಪ್ಪು ತಿಂದೇ ಸಾಯುತ್ತಾರೆ. ತಣ್ಣನೆಯ ಸಿಹಿ ಚಹಾದ ಹೂಜಿಗಳು ಮಾತ್ರ ತುಂಬಿಸಿದಷ್ಟೂ ಖಾಲಿಯಾದವು. ಖಾಲಿ ಹೂಜಿ ನೋಡಿಯೇ ಲವೇಡಾಗೆ ಅರ್ಥವಾಯಿತು. ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತರು.

ಅಂದಿನಿಂದ ಒಮ್ಮೆ ಉಪ್ಪು ಹಾಕಿದ ಕೂಡಲೇ ಡಬ್ಬಿಯನ್ನು ಉಗ್ರಾಣದಲ್ಲಿಟ್ಟು ಬರುತ್ತಾರೆ. ಹೋಯ್ಟ್ ಅವರದೇ ಕೊನೆಯದು, ನಾಳೆ ಪಾದ್ರಿಯ ಕೈಗೆ ಏಪ್ರನ್ ಕೊಟ್ಟುಬಿಡುತ್ತೇನೆ ಎಂದು ತೀರ್ಮಾನಿಸಿದ್ದಾರೆ. ಆ ಕೊನೆಯದಾದರೂ ಕೆಡಬಾರದು.

ಹೋಯ್ಟ್ ಅವರಿಗೆ ಇಷ್ಟವಾಗಿದ್ದ ಸಾಸಿವೆ ಗೊಜ್ಜು ಬಟ್ಟಲಿಗೆ ಬೀಳುವ ಹೊತ್ತಿಗೆ ಹಿಂದಿನ ಬಾಗಿಲು ಸರಿಯುತ್ತದೆ. ಬಂದವರು ನೆಲ್, ಹೋಯ್ಟ್ ಅವರ ಹೆಂಡತಿ. ಮನೆಯ ತುಂಬ ನೆಂಟರು, ಯಾರೂ ಇಲ್ಲದ ಜಾಗ ಹುಡುಕಿಕೊಂಡು ಬಂದೆ ಎನ್ನುತ್ತಾರೆ. ಲವೇಡಾ ಬಟ್ಟಲನ್ನು ಇನ್ನೊಮ್ಮೆ ಕಲಸುತ್ತಾರೆ. ಆಮೇಲೆ ಚಮಚದಲ್ಲಿ ಸ್ವಲ್ಪ ತೆಗೆದು ನೆಲ್ ಮುಂದೆ ಹಿಡಿಯುತ್ತಾರೆ.

"ನನ್ನ ನಾಲಿಗೆ ಸತ್ತೋಗಿದೆ ನೆಲ್. ಇದು ಹೋಯ್ಟ್ ಅವರ ಥರ ಇದ್ಯೋ ಇಲ್ವೋ ನಂಗೆ ಗೊತ್ತಾಗ್ತಿಲ್ಲ. ನೀನೇ ನೋಡಿ ಹೇಳು."

ನೆಲ್ ಕಣ್ಣು ಮುಚ್ಚಿ ತಿನ್ನುತ್ತಾರೆ. "ಸಾಸಿವೆ ಸಾಲ್ದು," ಎನ್ನುತ್ತಾರೆ. ಚಮಚ ವಾಪಸು ಕೊಡುತ್ತ, "ವಿಲ್ಮಾದು ಉಪ್ಪಾಗಿತ್ತು," ಎಂದು ಸೇರಿಸುತ್ತಾರೆ.

"ನಿಂಗೆ ಗೊತ್ತಿತ್ತಾ?"

"ಊರಿಗೇ ಗೊತ್ತಿತ್ತು ಕಣೆ. ಹೋಯ್ಟ್ ಮನೆಗೆ ಬಂದೋರೇ ನಲ್ಲಿಗೆ ಬಾಯಿ ಇಟ್ರು. ನಾಯಿ ಕುಡಿಯೋ ನೀರೊಂದನ್ನ ಬಿಟ್ರು."

ಇಬ್ಬರಿಗೂ ನಗು ಬರುತ್ತದೆ. ನಗುತ್ತ ನಗುತ್ತಲೇ ನೆಲ್ ಅಳಲು ಶುರುಮಾಡುತ್ತಾರೆ. ಲವೇಡಾ ಸಾಸಿವೆ ಶೀಶೆಯನ್ನು ಅವರ ಕೈಗೆ ಕೊಡುತ್ತಾರೆ. ನೆಲ್ ತಾವೇ ಹಾಕಿ, ಕಲಸಿ, ರುಚಿ ನೋಡುತ್ತಾರೆ. ಮತ್ತೊಂದು ಚಮಚ, ಇನ್ನೊಂದು ಚಮಚ. ಗಂಡ ಹೋದಾಗಿನಿಂದ ಅವರು ಬಾಯಿಗೆ ಏನನ್ನೂ ಹಾಕಿಕೊಂಡಿರಲಿಲ್ಲ.

ಮಧ್ಯಾಹ್ನ ಬಟ್ಟಲು ಖಾಲಿಯಾಗುತ್ತದೆ, ಚಹಾದ ಹೂಜಿಯಲ್ಲಿ ಚಹಾ ಹಾಗೇ ಉಳಿಯುತ್ತದೆ. ಲವೇಡಾ ಎರಡು ಸಲ ಹೋಗಿ ಹೂಜಿ ಎತ್ತಿ ನೋಡಿ ಬರುತ್ತಾರೆ. ಏಪ್ರನ್ ಮಾತು ಎತ್ತಿದರೆ ನೆಲ್ ಕೇಳುವುದಿಲ್ಲ. ಇನ್ನು ಮೇಲೆ ಆಯಾ ಮನೆಯವರೇ ಬೆಳಗ್ಗೆ ಬಂದು ರುಚಿ ನೋಡಲಿ, ಕೂತು ಅಳುವುದಕ್ಕೂ ಒಂದು ಜಾಗವಾಯಿತು ಎನ್ನುತ್ತಾರೆ. ಲವೇಡಾ ಏಪ್ರನ್ನನ್ನು ಮತ್ತೆ ಅದರ ಮೊಳೆಗೇ ನೇತುಹಾಕುತ್ತಾರೆ.

ಎಲ್ಲರೂ ಹೋದ ಮೇಲೆ ನೆಲ್ ಕಲಸದೆ ಮಿಕ್ಕಿದ್ದ ಕೋಳಿಯನ್ನು ಸಣ್ಣ ಬೋಗುಣಿಗೆ ಹಾಕಿಕೊಳ್ಳುತ್ತಾರೆ. "ನಿಂದು ಹೇಗಿರ್ಬೇಕು ಲವೇಡಾ?"

ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಬಂದದ್ದು ಇದೇ ಮೊದಲು. ಲವೇಡಾ ಸ್ಟೂಲನ್ನು ಹತ್ತಿರ ಎಳೆದುಕೊಳ್ಳುತ್ತಾರೆ. "ಸೆಲರಿ ದಂಟು ಹಾಕು, ಧಾರಾಳವಾಗಿ. ಕ್ಲೀಟಸ್ ಹಲ್ಲುಸೆಟ್ಟಿಗೆ ಆಗಲ್ಲ ಅಂತ ನಮ್ಮನೇಲಿ ಹಾಕ್ಲೇ ಇಲ್ಲ."

ಸ್ಟೂಲಿನ ಮೇಲೆ ಇವತ್ತು ಪೂರ್ತಿ ಕೂತು ತಿನ್ನುತ್ತಾರೆ. ಖಾಲಿ ಅಡುಗೆಮನೆಯಲ್ಲಿ ಹಸಿ ದಂಟು ಕರುಂ ಕುರುಂ ಎನ್ನುವುದು ದೊಡ್ಡದಾಗಿ ಕೇಳಿಸುತ್ತದೆ. ಹೇಗಿದೆ ಎಂದು ನೆಲ್ ಕೇಳಿದರೆ ಬಾಯಿ ತುಂಬಿಕೊಂಡೇ ಉತ್ತರಿಸುತ್ತಾರೆ:

"ರುಚಿ ಗೊತ್ತಾಗ್ತಿಲ್ಲ. ಸದ್ದು ಮಾತ್ರ ನಂದೇ."