ಸೂರ್ಯಕಾಂತ ಸರ್ ಮತ್ತು ಮೂಡದ ಖಿಡಕಿ

ಸೂರ್ಯಕಾಂತ ಸರ್ ತಾಲೀಮಿನಲ್ಲಿ ಕುಸ್ತಿ ಆಡಿ ಬೆಳೆದವರು. ಹೈದರಾಬಾದಿನಲ್ಲಿ ಆರು ತಿಂಗಳು ಕಂಪ್ಯೂಟರ್ ಕಲಿತು ಬಂದು ಬಸವಕಲ್ಯಾಣದಲ್ಲಿ ಕ್ಲಾಸು ತೆರೆದರು, ಆದರೆ ಕೈ ಅಖಾಡದಲ್ಲೇ ಉಳಿದಿತ್ತು. ನಾವು ಬರೆದ ಪ್ರೋಗ್ರಾಂ ಚಾಲೂ ಮಾಡಿದರೆ ಪರದೆಯ ಮೇಲೆ ಖಿಡಕಿ, ಅಂದರೆ ಅದರ ವಿಂಡೋ, ಮೂಡಬೇಕು. ಮೂಡದಿದ್ದರೆ ಕಪಾಳಕ್ಕೆ ಬಿತ್ತು. ತಪ್ಪು ಹುಡುಕುವ ಅವರ ವಿದ್ಯೆ ಅಷ್ಟೇ. ಹಾಗಂತ ಅವರಷ್ಟು ಜೀವ ತೇದು ಕಲಿಸಿದವರೂ ಇಲ್ಲ. ಹಾಳಾಗಿ ಹೋಗಲಿ, ಅದನ್ನೂ ಹೇಳಿದೆ.

೨೦೦೧ರ ದಸರೆ ಮುಗಿದ ಮರುದಿನ ಹುಮನಾಬಾದಿನ ಔಷಧ ಕಾರ್ಖಾನೆಯೊಂದರ ಮ್ಯಾನೇಜರ್ ಖಮರುದ್ದೀನ್ ಸಾಹೇಬರು ನನ್ನ ಪ್ರೋಗ್ರಾಂ ನೋಡಲು ಬಂದರು. ಹಿಡಿಸಿದರೆ ಅವರ ಪ್ಲಾಂಟಿನೊಳಗೆ ಕಂಪ್ಯೂಟರ್ ಆಪರೇಟರ್ ಕೆಲಸ ನನಗೆ. ಎರಡು ವರ್ಷ ನಾನು ಕಾದದ್ದು ಅದಕ್ಕೇ.

ಚಾಲೂ ಮಾಡಿದೆ. ಪರದೆಯ ಕೆಳಗಿನ ಪಟ್ಟಿಯಲ್ಲಿ ಪ್ರೋಗ್ರಾಂ ಹೆಸರು ಬಂತು, ಖಿಡಕಿ ಬರಲಿಲ್ಲ.

“ಖಿಡಕಿ ಎಲ್ಲಿ ಅದಲೇ, ಬಸವಕಿರಣ?”

“ಕೋಡ್ ಬರೋಬ್ಬರಿ ಅದರೀ ಸರ್. ಮೊನ್ನಿ ಬಂದಿತ್ತರೀ.”

ಸರ್ ಎಡಗಿವಿಗೆ ಬಾರಿಸಿದರು. ಮತ್ತೆ ಚಾಲೂ ಮಾಡಿಸಿದರು. ಮತ್ತೆ ಇಲ್ಲ. “ಸಾಹೇಬ್ರ ಮುಂದ ನನ್ನ ಇಜ್ಜತ್ ತೆಗಿತಿಯೇನ್, ಬೇಕೂಫ!” ಎನ್ನುತ್ತ ಅದೇ ಕಿವಿಗೆ ಇನ್ನೆರಡು. ಕುರ್ಚಿಯಿಂದ ಉರುಳಿದೆ. ಮೇಜಿನ ಅಂಚು ಬಡಿದು ತುಟಿ ಒಡೆಯಿತು, ಕಿವಿಯಿಂದ ಇಳಿದ ರಕ್ತಕ್ಕೆ ಕಾಲರ್ ತೊಯ್ದಿತು.

“ಹೊಡಿಬ್ಯಾಡ್ರಿ ಸರ್!” ಎಂದು ಪಕ್ಕದ ಮಷೀನಿನ ಅಸ್ಗರಿ ಕಿರುಚಿದಳು. ನನ್ನ ಕೀಬೋರ್ಡ್ ಎಳೆದುಕೊಂಡು ಆಲ್ಟ್, ಸ್ಪೇಸ್ ಒಟ್ಟಿಗೆ ಒತ್ತಿ, ಎಂ ಒತ್ತಿ, ಎಡಬಾಣ ಹಿಡಿದಳು. ಬಲ ಅಂಚಿನಿಂದ ನನ್ನ ಖಿಡಕಿ ತೆವಳುತ್ತ ಒಳಗೆ ಬಂತು.

“ಖಂಡೆ ಪೂಜಿಗಿ ಇವನ ದೊಡ್ಡ ಮಾನಿಟರ್ ನೀವೇ ಒಯ್ದಿದ್ರಿ ಸರ್. ತಿರುಗಿ ಸಣ್ಣದು ತಂದಿಟ್ರಿ. ಇವ ಖಿಡಕಿ ದೊಡ್ಡದರ ಬಲಮೂಲಿಗಿ ಕೂಡಿಸಿದ್ದ. ಸಣ್ಣದರಾಗ ಅದು ಪರದಿ ಹೊರಗ ನಿಂತಿತ್ತು.”

ಆಯುಧಪೂಜೆಯ ಕುಂಕುಮ ಹಚ್ಚಿದ ದೊಡ್ಡ ಮಾನಿಟರ್ ಸರ್ ಮೇಜಿನ ಮೇಲೆಯೇ ಇತ್ತು. ಎಲ್ಲರೂ ಅತ್ತ ನೋಡಿದರು.

ಸಾಹೇಬರು ನನ್ನ ಎಡಕ್ಕೆ ನಿಂತು ಏನೋ ಕೇಳಿದರಂತೆ. ಎರಡನೆಯ ಸಲವೂ ಕೇಳಿದರಂತೆ. ನಾನು ಮತ್ತೆ ಕುರ್ಚಿ ಹತ್ತಿ ಕೂತು ಪರದೆ ನೋಡುತ್ತಿದ್ದೆ. ಆಮೇಲೆ ಅವರು ಬಲಕ್ಕೆ ಬಂದು ನನ್ನ ಭುಜ ಮುಟ್ಟಿದರು.

“ಪ್ರೋಗ್ರಾಂ ಚಲೋ ಅದ ಬೇಟಾ. ಖರೇ, ಪ್ಲಾಂಟಿನ್ಯಾಗ ಸೈರನ್ ಕೇಳಿಸದವನಿಗಿ ಹ್ಯಾಂಗ ಇಟ್ಕೊಳ್ಳಲಿ?”

ಅವರು ಮೆಟ್ಟಿಲಿಳಿದು ಹೋದರು. ಆ ಕಿವಿ ಇಂದಿಗೂ ಸತ್ತಂತೆಯೇ ಇದೆ.

ನಾನು ಎದ್ದು ಸೂರ್ಯಕಾಂತ ಸರ್ ಕಪಾಳಕ್ಕೆ ಬಾರಿಸಿದೆ. ಗುರುವಂತೆ, ಗುರು! ಆ ಪೈಲ್ವಾನ ಕೈ ಎತ್ತಲಿಲ್ಲ.

“ಇನ್ನೊಂದ್ ಹೊಡಿ,” ಎಂದರು.

ಹೊಡೆದೆ.