ಉತ್ತರಕ್ರಿಯೆಯ ಊಟಕ್ಕೆ ಮೊದಲು ಗ್ರೀಕರು

ಗ್ರೀಕ್ ತತ್ತ್ವಜ್ಞಾನವನ್ನು ಕಾಲೇಜಿನಲ್ಲಿ ಮೂವತ್ತು ವರ್ಷ ಕಲಿಸಿದೆ. ಅದರಿಂದ ಯಾರಿಗಾದರೂ ಉಪಯೋಗವಾಗಿದ್ದರೆ ಅದು ಸತ್ತವರಿಗೆ ಮಾತ್ರ. ನಮ್ಮ ಕಡೆ ಉತ್ತರಕ್ರಿಯೆಯ ದಿನ, ಊಟಕ್ಕೆ ಎಲೆ ಹಾಕುವ ಮೊದಲು, ಯಾರಾದರೊಬ್ಬರು ಮೈಕ್ ಹಿಡಿದು ನುಡಿನಮನ ಸಲ್ಲಿಸುವ ಕ್ರಮ ಉಂಟು. ನಿವೃತ್ತನಾಗಿ ಹಿರಿಯಡ್ಕದಲ್ಲಿ ನೆಲೆಸಿದ ಮೇಲೆ ಕಾರ್ಕಳದಿಂದ ಕಾಪುವಿನವರೆಗೆ ಆ ಕೆಲಸ ನನ್ನ ಪಾಲಿಗೆ ಬಂದಿದೆ.

ಬಂಡವಾಳ ಸಣ್ಣದು. ನಮ್ಮ ಕೈಯಲ್ಲಿರುವುದನ್ನೂ ಇಲ್ಲದ್ದನ್ನೂ ಬೇರ್ಪಡಿಸಿ, ಇಲ್ಲದ್ದಕ್ಕೆ ಕೊರಗಬೇಡಿ ಎಂದ ಸ್ಟೋಯಿಕರೆಂಬ ಒಂದು ಪಂಗಡ. ನಾವಿರುವಾಗ ಸಾವಿಲ್ಲ, ಸಾವು ಬಂದಾಗ ನಾವಿಲ್ಲ, ಮತ್ತೆ ಹೆದರುವುದು ಯಾರು ಎಂದು ಕೇಳಿದ, ತೋಟದಲ್ಲಿ ಪಾಠ ನಡೆಸುತ್ತಿದ್ದ ಇನ್ನೊಂದು ಪಂಗಡ. ಇಷ್ಟು ಸಾಕು. ಬ್ಯಾಂಕಿನವರಿಗೂ ಹೊಂದುತ್ತದೆ, ಬಸ್ಸಿನ ಡ್ರೈವರಿಗೂ ಹೊಂದುತ್ತದೆ. ಹಸಿದ ಜನ ಬೇಗಬೇಗ ತಲೆಯಾಡಿಸುತ್ತಾರೆ. ಅದನ್ನು ನಾನು ಒಪ್ಪಿಗೆ ಎಂದೇ ತಿಳಿದಿದ್ದೆ.

ಕಳೆದ ತಿಂಗಳು ಕಾಪುವಿನ ಸದಾನಂದ ತೀರಿಕೊಂಡ. ದೋಣಿಯವನು, ಹೈಸ್ಕೂಲಿನಲ್ಲಿ ನನ್ನ ಬೆಂಚಿನವನು. ಅವನ ಬಗ್ಗೆ ಮಾತೆತ್ತಿದರೆ ಎಲ್ಲರೆದುರು ಅತ್ತುಬಿಡುತ್ತೇನೆಂಬ ಹೆದರಿಕೆ ನನಗೆ. ಹಾಗಾಗಿ ಗ್ರೀಕರನ್ನೇ ಬಿಗಿಯಾಗಿ ಹಿಡಿದುಕೊಂಡು ಕಾಲು ಗಂಟೆ ಮಾತಾಡಿದೆ. ಧ್ವನಿ ಎಲ್ಲಿಯೂ ನಡುಗಲಿಲ್ಲ. ಸ್ಟೋಯಿಕರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು.

ಊಟ ಮುಗಿಸಿ ಅವನ ಹೆಂಡತಿ ಗಿರಿಜಕ್ಕನನ್ನು ಕಾಣಲು ಒಳಗೆ ಹೋದೆ.

“ಮಾಸ್ಟ್ರೇ, ಅಷ್ಟು ಹೊತ್ತು ಮಾತಾಡಿದಿರಿ. ಇವರ ಹೆಸರು ಒಮ್ಮೆಯೂ ಹೇಳ್ಲಿಲ್ಲ,” ಎಂದರು.

ನಿಜ, ಹೇಳಿರಲಿಲ್ಲ. ಗಂಡನ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಮಕ್ಕಳಿಗೆ ಅವನು ಅಪ್ಪ. ಬಂದುಹೋಗುವವರೂ ಎಲ್ಲಿ ಇವರು ಅಳುತ್ತಾರೋ ಎಂದು ಆ ಹೆಸರೆತ್ತುವುದಿಲ್ಲವಂತೆ.

“ಹೆಸರು ಹಿಡಿದು ಕರೆಯುವವರು ನೀವೊಬ್ರೇ ಇದ್ದದ್ದು. ಅದಕ್ಕೇ ಕಾದು ಕೂತಿದ್ದೆ.”

ಕುರ್ಚಿ ಎಳೆದು ಕುಳಿತೆ. ಸಮುದ್ರಕ್ಕೆ ಹೆದರದ ಸದಾನಂದ, ಶಾಲೆಗೆ ಇಂಜೆಕ್ಷನ್ ಕೊಡುವವರು ಬಂದಾಗ ಕಿಟಕಿ ಹಾರಿ ಓಡಿದ್ದನ್ನು ಹೇಳಿದೆ. ಸದಾನಂದ ಹಿಂದಿ ಪರೀಕ್ಷೆಯಲ್ಲಿ ನನ್ನದನ್ನು ನೋಡಿ ಬರೆದು ನನಗಿಂತ ಎರಡು ಅಂಕ ಹೆಚ್ಚು ತೆಗೆದದ್ದನ್ನು ಹೇಳಿದೆ. ಬೇಕೆಂದೇ ವಾಕ್ಯ ವಾಕ್ಯಕ್ಕೂ ಹೆಸರು ಸೇರಿಸಿದೆ. ಗಿರಿಜಕ್ಕ ನಕ್ಕರು, ನಗುತ್ತಲೇ ಅತ್ತರು. ನಾನೂ ಅತ್ತೆ. ದುಃಖವೆಂದರೆ ತಪ್ಪು ತೀರ್ಮಾನ ಎಂಬುದು ಸ್ಟೋಯಿಕರ ವಾದ. ನಮ್ಮಿಬ್ಬರ ತೀರ್ಮಾನದಲ್ಲಿ ತಪ್ಪೇನಿತ್ತೆಂದು ನನಗೆ ಈಗಲೂ ಗೊತ್ತಾಗಿಲ್ಲ.

ಮೊನ್ನೆ ಅಲೆವೂರಿನಿಂದ ಒಬ್ಬರು ತಮ್ಮ ತಂದೆಯ ನುಡಿನಮನಕ್ಕೆಂದು ಫೋನ್ ಮಾಡಿದರು. ಉದ್ಯೋಗ, ಹುಟ್ಟಿದ ವರ್ಷ ಎಲ್ಲ ಒಪ್ಪಿಸತೊಡಗಿದರು. ಅದಿರಲಿ, ನಿಮ್ಮ ತಂದೆ ಯಾವುದಕ್ಕೆ ಹೆದರುತ್ತಿದ್ದರು ಎಂದು ಕೇಳಿದೆ.

“ನಮ್ಮ ಅಮ್ಮನಿಗೆ,” ಎಂದು ನಕ್ಕರು. ನಗು ಮುಗಿಯುವ ಮೊದಲೇ ಅತ್ತುಬಿಟ್ಟರು. ನಾನು ಪೆನ್ನು ತೆಗೆದು, ಮೊದಲು ತಂದೆಯ ಹೆಸರು ಕೇಳಿ ಬರೆದುಕೊಂಡೆ.